ತಿಳಿನೀಲಿ

ಮಾರ್ಚ್ 2

ನೀರು 30.

ಇವತ್ತು ಅಕ್ಕನ ಎಡಗೈ ಬಿಚ್ಚಿತು. ಪೂರ್ತಿ ಅಲ್ಲ, ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು. ಪಾರ್ಶ್ವವಾಯು ಹೊಡೆದ ದಿನದಿಂದ ಹದಿನಾಲ್ಕು ತಿಂಗಳು ಮುಷ್ಟಿ ಕಟ್ಟಿಕೊಂಡೇ ಇದ್ದ ಕೈ ನೀರಿನೊಳಗೆ ಯಾರೂ ಎಳೆಯದೆ ತಾನೇ ಸಡಿಲವಾಯಿತು. ಮೇಷ್ಟ್ರು ಸ್ಪಂಜು ಕೊಟ್ಟರು, ಹಿಡಿದುಕೊಂಡಳು. ಫಿಲ್ಟರಿನ ಬುಟ್ಟಿ ತೊಳೆಯುತ್ತಿದ್ದವನು ಅದನ್ನು ಅಲ್ಲೇ ಬಿಟ್ಟು ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು. ಕ್ಲೋರಿನ್ ಜಾಸ್ತಿಯಾಗಿದೆ ಎಂದು ಪಕ್ಕದಲ್ಲಿದ್ದವರಿಗೆ ಹೇಳಿದೆ.

ಹೊಸ ಪುಸ್ತಕವಾದ್ದರಿಂದ ಮೊದಲಿಂದ ಬರೆದಿಡುತ್ತೇನೆ. ಮೇಷ್ಟ್ರು ಎಂದರೆ ನಮ್ಮ ಚಿಕಿತ್ಸಾ ಕೇಂದ್ರದಲ್ಲಿ ವ್ಯಾಯಾಮ ಹೇಳಿಕೊಡುವವರು. ಕೈಕಾಲು ಸ್ವಾಧೀನ ತಪ್ಪಿದವರನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಆಡಿಸುವುದು ಅವರ ಕೆಲಸ, ಆ ನೀರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷವಾಯಿತು. ಸದಾ ಪಂಪಿನ ಕೋಣೆಯಲ್ಲಿರುತ್ತೇನೆಂದು ಎಲ್ಲರ ಬಾಯಲ್ಲೂ ನಾನು ಪಂಪಣ್ಣ. ಕೊಳಕ್ಕೆ ಹೀಟರ್ ಇಲ್ಲ, ಮೇಲೆ ಮಾಡೂ ಇಲ್ಲ. ತಳಕ್ಕೆ ಹಾಸಿರುವ ಕಡುನೀಲಿ ಪ್ಲಾಸ್ಟಿಕ್ ಲೈನರ್ ಬಿಸಿಲನ್ನು ಕುಡಿದು ನೀರಿಗೆ ಕೊಡುತ್ತದೆ, ಅಷ್ಟೆ. ನೀರು ಇಪ್ಪತ್ತೊಂಬತ್ತು ಡಿಗ್ರಿಯ ಮೇಲಿದ್ದರೆ ಸ್ನಾಯು ಸಡಿಲ, ಕೆಳಗಿಳಿದರೆ ಬಿಗಿ ಎಂದು ಮೇಷ್ಟ್ರು ಹೇಳುತ್ತಾರೆ.

ಅಕ್ಕ ಹೊಲಿಗೆಯವಳು. ಅಮ್ಮ ಹೋದ ಮೇಲೆ ಶಾಲೆಯ ಸಮವಸ್ತ್ರ ಹೊಲಿದೇ ನನ್ನನ್ನು ಸಾಕಿದಳು. ಹೊಲಿಗೆಯಲ್ಲಿ ಬಲಗೈ ದೊಡ್ಡಸ್ತಿಕೆ ತೋರಿಸುತ್ತದೆ, ಬಟ್ಟೆ ನಡೆಸುವುದು ಎಡಗೈ. ಹಾಗಾಗಿ ಮೆಷಿನಿಗೆ ಮುಸುಕು ಹಾಕಿ ಒಂದು ವರ್ಷದ ಮೇಲಾಯಿತು.

"ಬೇಸಿಗೆ ಮುಗಿಯೋದ್ರೊಳಗೆ ನಿನಗೊಂದು ದಿಂಬಿನ ಚೀಲ ಹೊಲಿದು ಕೊಡ್ತೀನಿ ನೋಡ್ತಿರು" ಎಂದಳು ದಾರಿಯಲ್ಲಿ. "ಮನೇಲಿ ದಿನಾ ಕಾಲು ಗಂಟೆ ಬೆರಳು ಬಿಡಿಸಿ ತಿಕ್ಕಬೇಕಂತೆ, ಮೇಷ್ಟ್ರು ಹೇಳಿದ್ರು. ಮೊದಲು ಹೆಬ್ಬೆರಳಿಂದ..."

"ತಿಳೀತು ತಿಳೀತು" ಎಂದೆ.

"ಏನು ತಿಳೀತು? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ಕಣೋ ನೀನು. ಒಂದು ಮಾತು ಪೂರ್ತಿ ಕೇಳಿಸ್ಕೊಂಡಿದ್ದೇ ಇಲ್ಲ."

ನಕ್ಕೆವು. ರಾತ್ರಿ ಅಡುಗೆಗೆ ಉಪ್ಪು ಎರಡು ಸಲ ಹಾಕಿದ್ದಳು. ಸುಮ್ಮನೆ ತಿಂದೆ.

ಮಾರ್ಚ್ 5

ನೀರು 30.

ಹೊಸ ಮ್ಯಾನೇಜರ್ ಬಂದಿದ್ದಾಳೆ. ಮೂವತ್ತೈದು ಇರಬಹುದು. ಕೊಳದ ಸುತ್ತ ಓಡಾಡಲು ಬೆಳ್ಳಗಿನ ಶೂ ಹಾಕಿಕೊಂಡು ಬಂದಳು. ಹತ್ತು ನಿಮಿಷಕ್ಕೆ ಅದರ ಬಣ್ಣ ಏನಾಗುತ್ತದೆಂದು ಕಾದೆ. ಪುಣ್ಯಾತ್ಗಿತ್ತಿ ಒದ್ದೆಯಾಗದ ಹಾಗೆ ನಡೆದಳು. ನನ್ನನ್ನು "ಅಂಕಲ್" ಎಂದಳು. ನಾನೇನು ಅವಳಪ್ಪನ ತಮ್ಮನೆ?

ಲೈನರ್ ಮೂರು ಕಡೆ ಹರಿದಿದೆ, ಬದಲಾಯಿಸಲೇಬೇಕು. ಅಳತೆಯವನು ಬಂದಿದ್ದ. ಬಣ್ಣ ಕಡುನೀಲಿಯೇ ಇರಲಿ ಎಂದು ಅವನಿಗೆ ಬಾಯಿಬಿಟ್ಟು ಹೇಳಿದೆ. ಬಿಳಿ ಶೂ ಪಕ್ಕದಲ್ಲೇ ನಿಂತಿದ್ದಳು.

"ಈಗಿರೋದು ಕತ್ತಲೆ ಗುಂಡಿ ಥರ ಇದೆ ಅಂಕಲ್. ತಿಳಿಬಣ್ಣ ಆದ್ರೆ ತಳ ಕಾಣತ್ತೆ. ಯಾರಾದ್ರೂ ಜಾರಿ ಮುಳುಗಿದ್ರೂ ಗೊತ್ತಾಗತ್ತೆ."

"ಎದೆಮಟ್ಟದ ನೀರಲ್ಲಿ ಯಾರು ಮೇಡಂ ಮುಳುಗ್ತಾರೆ? ತಿಳಿ ಆದ್ರೆ ನೀರು ಕಾಯಲ್ಲ."

"ಹೌದಾ" ಎಂದಳು. ಮುಂದೆ ಮಾತಾಡಲಿಲ್ಲ. ಮಾತಾಡದವರನ್ನು ಕಂಡರೆ ನನಗೆ ಮೊದಲಿಂದಲೂ ಭಯ.

ಮಾರ್ಚ್ 9

ನೀರು 30.

ಪಂಪಿನ ಬೇರಿಂಗ್ ಹೋಗಿದೆ, ಗರಗಸದ ಹಾಗೆ ಅರಚುತ್ತದೆ. ಅದಕ್ಕೆ ಕಿವಿ ಕೊಟ್ಟು ಕೂತಿದ್ದಾಗಲೇ ಲೈನರ್ ಕಂಪನಿಯ ಹುಡುಗಿಯ ಫೋನು. ಅಳತೆ, ಅಂಚು, ದಪ್ಪ, ಅದು ಇದು ಎಂದು ಓದುತ್ತಲೇ ಹೋದಳು. ಕಾಲುಭಾಗ ಕೇಳಿಸಿರಬಹುದು. ಬಂದವನಿಗೆ ಎಲ್ಲ ಹೇಳಿ ಆಗಿದೆ, ಮತ್ತೆ ಅದೇ ಪುರಾಣ ಯಾಕೆ. ತಿಳೀತು ತಿಳೀತು ಎಂದು ಫೋನ್ ಇಟ್ಟೆ. ಬೇರಿಂಗ್ ಮಧ್ಯಾಹ್ನ ಸಿಕ್ಕಿತು, ಸಂಜೆಗೆ ಪಂಪು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು.

ಅಕ್ಕ ನಾಲ್ಕು ಬೆರಳಲ್ಲಿ ಸ್ಪಂಜು ಹಿಂಡಿದಳು.

ಮಾರ್ಚ್ 26

ಕೊಳ ಬರಿದಾಗಿ ಹನ್ನೆರಡು ದಿನ. ಲೈನರ್ ಇವತ್ತು ಬಂತು. ಕೆಲಸದವರು ಸುರುಳಿ ಬಿಚ್ಚಿದರು, ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಿಳಿನೀಲಿ. ಒಗೆದೊಗೆದು ಬಣ್ಣ ಹೋದ ಅಂಗಿಯ ನೀಲಿ.

ವಾಪಸು ಕಳಿಸಿ ಎಂದೆ. ಕಳಿಸಿದರೆ ಇನ್ನೊಂದು ಬರಲು ಎರಡು ತಿಂಗಳು ಎಂದರು. ಬಿಳಿ ಶೂ ಸ್ವಲ್ಪ ಹೊತ್ತು ಯೋಚಿಸುವ ಹಾಗೆ ಮಾಡಿ, "ಹಾಸಿಬಿಡಿ, ಇವರೆಲ್ಲ ಎಷ್ಟು ದಿನ ಕಾಯ್ತಾರೆ" ಎಂದಳು. ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಮೊದಲೇ ಗೊತ್ತಿದ್ದವಳಿಗೆ ಆಶ್ಚರ್ಯ ಎಲ್ಲಿಂದ ಬರಬೇಕು.

ಏಪ್ರಿಲ್ 11

ನೀರು 26.

ಹೊಸ ನೀರು ಕಾಯಲಿ ಎಂದು ಒಂದು ವಾರ ಬಿಟ್ಟೆವು. ಕಾಯಲಿಲ್ಲ. ಕಳೆದ ವರ್ಷ ಇದೇ ದಿನ ರಿಜಿಸ್ಟರಿನಲ್ಲಿ ಇಪ್ಪತ್ತೊಂಬತ್ತೂವರೆ ಇದೆ.

ಅಕ್ಕ ಇಳಿದಳು. ಸೊಂಟದ ತನಕ ಬಂದ ಕೂಡಲೇ ಮೈ ಬಿಗಿಹಿಡಿಯಿತು, ಎಡಗೈ ಎದೆಗೆ ಒತ್ತಿಕೊಂಡಿತು. ಮೇಷ್ಟ್ರು ಬೆರಳು ಬಿಡಿಸಲು ಹೋದರೆ "ಬೇಡ ಮೇಷ್ಟ್ರೇ, ಉರಿಯತ್ತೆ" ಎಂದಳು. ಎಂಟು ನಿಮಿಷಕ್ಕೆ ಎತ್ತಿ ಕೂರಿಸಿದೆವು. ತುಟಿ ಅದುರುತ್ತಿತ್ತು.

"ಚೆನ್ನಾಗಿ ಕಾಣತ್ತೆ ಕಣೋ ಆದ್ರೂ. ನನ್ನ ಪಾದ ನನಗೇ ಕಾಣ್ತಿತ್ತು" ಎಂದಳು. ಆ ಮಾತು ನನಗೆ ಬರೆ ಎಳೆದ ಹಾಗಾಯಿತು.

ಏಪ್ರಿಲ್ 12

ನೀರು 26.

ಆಫೀಸಿಗೆ ಹೋಗಿ ಕೇಳಿಯೇಬಿಟ್ಟೆ. "ಬಣ್ಣ ಯಾರು ಬದಲಾಯ್ಸಿದ್ದು ಮೇಡಂ?"

"ಆರ್ಡರ್ ಕೊಟ್ಟಿದ್ದು ನೀವೇ ಅಲ್ವಾ ಅಂಕಲ್?" ಎಂದು ಡ್ರಾಯರಿನಿಂದ ಕಾಗದ ತೆಗೆದು ಇಟ್ಟಳು. ಬಣ್ಣ: ತಿಳಿನೀಲಿ. ಖಚಿತಪಡಿಸಿದವರು: ಕೊಳದ ಮೇಲ್ವಿಚಾರಕರು, ಫೋನಿನಲ್ಲಿ.

ಎಷ್ಟು ಸಲೀಸು ನೋಡಿ. ಮೇಲ್ವಿಚಾರಕರು ಹೇಳಿದ್ದಾರೆ ಎಂದು ಫೋನಿನಲ್ಲಿ ಯಾರು ಬೇಕಾದರೂ ಹೇಳಬಹುದು. ನಾನು ಕಡು ಎಂದದ್ದನ್ನು ಇವಳೇ ಕಿವಿಯಾರೆ ಕೇಳಿದ್ದಾಳೆ. ಕತ್ತಲೆ ಗುಂಡಿ ಎಂದವಳು ಯಾರು? ಹೌದಾ ಎಂದು ಸುಮ್ಮನಾದವಳು ಯಾರು? ಇದೆಲ್ಲವನ್ನೂ ಕೇಳಿದೆ. ಮುಖ ಕೆಂಪಗಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಾನು ಯಾರಿಗೂ ಫೋನ್ ಮಾಡಿಲ್ಲ. ಏನೋ ತಪ್ಪು ತಿಳುವಳಿಕೆ ಆಗಿದೆ. ಈಗ ನೀರು ಬಿಸಿ ಮಾಡೋದು ಹೇಗೆ ಅಂತ ನೋಡೋಣ" ಎಂದಳು.

ನೋಡೋಣವಂತೆ. ಮನೆ ಸುಟ್ಟವರು ನೀರು ಎಲ್ಲಿದೆ ಎಂದು ಕೇಳಿದ ಹಾಗೆ.

ಏಪ್ರಿಲ್ 20

ನೀರು 27.

ಎರಡು ಬಕೆಟ್ ತಂದೆ. ಒಂದರ ಒಳಗೆ ಹಳೆಯ ಕಡುನೀಲಿ ತುಂಡು, ಇನ್ನೊಂದಕ್ಕೆ ಹೊಸದರಲ್ಲಿ ಉಳಿದ ತಿಳಿನೀಲಿ. ಒಂದೇ ನಲ್ಲಿಯ ನೀರು, ಒಂದೇ ಬಿಸಿಲು, ಒಂದೇ ಥರ್ಮಾಮೀಟರು. ಹನ್ನೊಂದಕ್ಕೆ ಇಟ್ಟೆ, ಮೂರಕ್ಕೆ ತೆಗೆದೆ. ಕಡುನೀಲಿ 37. ತಿಳಿನೀಲಿ 33. ನೀರೊಳಗೆ ಕಾಯಿಲೆಯವರಿದ್ದರು, ದಡದಲ್ಲಿ ಅವರ ಮನೆಯವರಿದ್ದರು. ಎಲ್ಲರನ್ನೂ ಕರೆದು ಕೈ ಅದ್ದಿಸಿದೆ. ತಲೆಯಾಡಿಸಿದರು.

ಮೇಷ್ಟ್ರು ಮಾತ್ರ, "ಬಕೆಟ್ ಬೇರೆ, ಕೊಳ ಬೇರೆ ಪಂಪಣ್ಣ. ಬಣ್ಣದಿಂದ ಕೊಳದಲ್ಲಿ ಎರಡು ಡಿಗ್ರಿ ಎರಡೂವರೆ ಡಿಗ್ರಿ ವ್ಯತ್ಯಾಸ ಬರಬಹುದು. ಕಾದಿದ್ದು ಸಂಜೆ ಗಾಳಿಗೆ ಹೋಗತ್ತಲ್ಲ, ಅದೇ ದೊಡ್ಡ ನಷ್ಟ" ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೇಷ್ಟ್ರೂ ಬಿಳಿ ಶೂವಿನ ಕಡೆಯವರೇ ಇರಬೇಕು.

ಏಪ್ರಿಲ್ 28

ನೀರು 27.

ಬಿಳಿ ಶೂ ಉಗ್ರಾಣದಿಂದ ಹಳೆಯ ಹೊದಿಕೆ ಹೊರಗೆ ತೆಗೆಸಿದ್ದಾಳೆ. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕಿನದು. ದಿನಾ ಸಂಜೆ ಕೊಳದ ಮೇಲೆ ಎಳೆದರೆ ಹಗಲು ಕಾದದ್ದು ಉಳಿಯುತ್ತದೆಂದು. ಅಂಚು ಪೂರ್ತಿ ಕಿತ್ತುಹೋಗಿದೆ, ಗಾಳಿ ಒಳಗೆ ನುಗ್ಗುತ್ತದೆ.

"ಅಂಚಿಗೆ ಪಟ್ಟಿ ಕೊಟ್ಟು ಹೊಲಿದ್ರೆ ಆಯ್ತು. ನನ್ನ ಮೆಷಿನ್ನಿಗೆ ಇದೇನು ಮಹಾ" ಎಂದಳು ಅಕ್ಕ, ಯಾರೂ ಕೇಳದೆ. ಬಿಳಿ ಶೂ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಇತ್ತೀಚೆಗೆ ದಿನಾ ಕೂರುತ್ತಾಳೆ.

"ನಿಜವಾಗ್ಲೂ ಮಾಡ್ತೀರಾ ಅಮ್ಮಾ? ಒಂದೊಂದು ಮೊಳ ಆದ್ರೂ ಸಾಕು. ಅವಸರ ಇಲ್ಲ."

ಹಗಲು ಹೊದಿಕೆ ಸುತ್ತಿ ಮನೆಗೆ ತರುವುದು, ಸಂಜೆ ವಾಪಸು ಒಯ್ಯುವುದು ಎಂದಾಯಿತು. ಮನೆಗೆ ಬಂದು ಮೆಷಿನಿನ ಮುಸುಕು ತೆಗೆದಳು. ಎಡಗೈಯ ಮುಷ್ಟಿಯನ್ನೇ ಕಲ್ಲಿನ ಹಾಗೆ ಪಟ್ಟಿಯ ಮೇಲೆ ಒತ್ತಿ ಬಟ್ಟೆ ನಡೆಸಿದಳು. ಒಂದು ಗೇಣು ಹೊಲಿದಳು, ಹೊಲಿಗೆ ಹಾವಿನ ಹಾಗೆ ಹೋಗಿತ್ತು. ತಾನೇ ನೋಡಿ ನಕ್ಕಳು.

"ಒಳ್ಳೇ ಹುಡುಗಿ ಕಣೋ ಅದು" ಎಂದಳು.

ಕಾಯಿಲೆಯವಳ ಕೈಯಲ್ಲಿ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವುದು ಒಳ್ಳೆಯತನವಾದರೆ ಹೌದು, ಬಹಳ ಒಳ್ಳೆಯವಳು.

ಮೇ 3

ನೀರು 29.

ಐದು ಸಂಜೆ ಹೊದಿಕೆ ಎಳೆದೆ. ನೀರು ಎರಡು ಡಿಗ್ರಿ ಏರಿತು. ಅಕ್ಕ ಇಪ್ಪತ್ತು ನಿಮಿಷ ನಿಂತಳು, ಹೆಬ್ಬೆರಳು ಬಿಟ್ಟುಕೊಂಡಿತು.

ಬಿಳಿ ಶೂ ಥರ್ಮಾಮೀಟರನ್ನು ತಾನೇ ಎತ್ತಿ ನೋಡಿದಳು. "ನೋಡಿದ್ರಾ ಅಂಕಲ್, ಬಣ್ಣ ಅಷ್ಟೇನೂ ತೊಂದ್ರೆ ಅಲ್ಲ."

ಕೊಳದ ದಡದಲ್ಲಿ ಎಲ್ಲರ ಮುಂದೆ ಹೇಳಿದಳು. ನನ್ನ ಬಕೆಟ್ಟಿಗೆ ಕೈ ಅದ್ದಿದವರೇ ಅವಳ ಮಾತಿಗೂ ತಲೆಯಾಡಿಸಿದರು.

ಮೇ 4

ನೀರು 29. ಸಂಜೆ ಹೊದಿಕೆ ಎಳೆಯಲಿಲ್ಲ. ಗಾಳಿ ಇತ್ತು.

ಮೇ 5

28. ಗಾಳಿ.

ಮೇ 9

27. ಗಾಳಿ ಇರಲಿಲ್ಲ, ಆದರೆ ಏಳುವ ಹಾಗೆ ಕಾಣುತ್ತಿತ್ತು. ಹೊದಿಕೆ ಹಾರಿ ಹರಿದರೆ ಯಾರು ಜವಾಬ್ದಾರಿ.

ಕಳೆದ ವರ್ಷ ಇದೇ ದಿನ 31. ರಿಜಿಸ್ಟರಿನಲ್ಲಿ ಎರಡೂ ವರ್ಷದ ಅಂಕಿಗಳನ್ನು ಅಕ್ಕಪಕ್ಕ ಬರೆದು ಕೆಂಪು ಗೆರೆ ಎಳೆದೆ. ನಾಲ್ಕು ಡಿಗ್ರಿ. ಯಾರಾದರೂ ಈಗ ಬಣ್ಣ ತೊಂದರೆಯಲ್ಲ ಎಂದು ಹೇಳಲಿ.

ಮೇ 19

ನೀರು 27.

ಆಡಳಿತ ಮಂಡಳಿಗೆ ಅರ್ಜಿ ಬರೆದೆ. ಕಾಯಿಲೆಯವರ ಹಿತ ನೋಡದೆ ಅಂದಕ್ಕೆ ಬಣ್ಣ ಬದಲಾಯಿಸಿದ, ಸುಳ್ಳು ಕಾಗದ ತೋರಿಸಿದ ಮ್ಯಾನೇಜರನ್ನು ತೆಗೆಯಬೇಕು, ಲೈನರ್ ಬದಲಾಯಿಸಬೇಕು. ಮೂರು ಸಲ ತಿದ್ದಿ ಬರೆದೆ. ನನ್ನ ಅಕ್ಷರ ಈಗಲೂ ಚೆನ್ನಾಗಿದೆ. ಕೊಳದ ನೀರು ಇಳಿಸುವುದನ್ನು ಹತ್ತೊಂಬತ್ತು ವರ್ಷ ಮಾಡಿದವನು ನಾನು, ಇವಳ ನೀರಿಳಿಸುವುದೇನು ಮಹಾ.

ಅಕ್ಕ ಕೈ ಚಾಚಿಕೊಂಡು ಕೂತಿದ್ದಳು, ಬೆರಳು ತಿಕ್ಕಲಿ ಎಂದು. ಇವತ್ತೊಂದು ದಿನ ಬಿಡು, ಅರ್ಜಿ ಮುಗಿಸಬೇಕು ಎಂದೆ.

"ಮೊನ್ನೆಯಿಂದ ಇವತ್ತೊಂದು ದಿನ ಅಂತಿದೀಯ" ಎಂದಳು.

ಮೇ 30

ನೀರು 27.

ಇಪ್ಪತ್ತೆರಡು ಸಹಿ. ಮಂಡಿ ಆಪರೇಷನ್ ಆದ ಹೆಂಗಸಿನ ಗಂಡ ಮೊದಲು ಆಗಲ್ಲ ಎಂದ. ರಿಜಿಸ್ಟರಿನ ಕೆಂಪು ಗೆರೆ ತೋರಿಸಿದೆ, ಮರುಮಾತಿಲ್ಲದೆ ಹಾಕಿದ. ಅಂಕಿ ಸುಳ್ಳು ಹೇಳುವುದಿಲ್ಲ.

ಅಕ್ಕ ಸಹಿ ಹಾಕಲಿಲ್ಲ. "ನನಗೆ ಗೊತ್ತಿಲ್ದೇ ಇರೋದಕ್ಕೆ ನಾನು ಹೆಬ್ಬೆಟ್ಟೂ ಒತ್ತಲ್ಲ" ಎಂದಳು. ನಿನಗೋಸ್ಕರವೇ ಇಷ್ಟೆಲ್ಲ ಮಾಡುತ್ತಿದ್ದೇನೆ ಎಂದೆ. "ನನಗೋಸ್ಕರ ಆದ್ರೆ ಕೈ ತಿಕ್ಕು ಬಾ" ಎಂದಳು. ಆಮೇಲೆ, "ನೀನು ಮನೆಗೆ ಬಂದ್ರೆ ಆ ಶೂನೂ ಜೊತೇಲಿ ಬರತ್ತೆ. ಊಟಕ್ಕೆ ಕೂತ್ರೂ ಅದೇ" ಎಂದಳು. ಮಾತಿಗೆ ಮಾತು ಬೆಳೆಯಿತು. ಹೊದಿಕೆಯ ಪಟ್ಟಿ ಹೊಲಿಯುವುದು ಇನ್ನು ಸಾಕು ಎಂದು ಹೊದಿಕೆಯನ್ನೂ ಪಟ್ಟಿಯ ಸುರುಳಿಯನ್ನೂ ವಾಪಸು ಉಗ್ರಾಣದಲ್ಲಿ ಹಾಕಿ ಬಂದೆ. ಅರ್ಧ ಆಗಿತ್ತು. ಕೊನೆಕೊನೆಯ ಹೊಲಿಗೆ ನೆಟ್ಟಗೇ ಇತ್ತು.

ಜೂನ್ 8

ನೀರು 26. ಮೋಡ.

ಅಕ್ಕ ಇಳಿಯುವುದಿಲ್ಲವಂತೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಗಿಸಲು ನೋಡಿದೆ. ನಗಲಿಲ್ಲ. ಬೆಂಚಿನ ಮೇಲೆ ಕೂತು ಬಂದಳು. ಮೇಷ್ಟ್ರು ನನ್ನ ಮುಖ ನೋಡಿದರು.

ಇದನ್ನೂ ಅರ್ಜಿಗೆ ಸೇರಿಸಿದೆ. "ನೀರಿನ ಶೀತದಿಂದಾಗಿ ಒಬ್ಬ ರೋಗಿಯು ಚಿಕಿತ್ಸೆಯನ್ನೇ ನಿಲ್ಲಿಸಿರುತ್ತಾರೆ." ಇಂಥದ್ದೊಂದು ಸಾಲಿನ ಅಗತ್ಯವಿತ್ತು.

ಜೂನ್ 21

ನೀರು 26.

ನಲವತ್ತೊಂದು ಸಹಿ. ಮಂಡಳಿಯ ಕಾರ್ಯದರ್ಶಿಯ ಮನೆಗೇ ಹೋಗಿ ಕೊಟ್ಟೆ. ಕೂರಿಸಿ ಓದಿದರು. "ಇಷ್ಟು ಜನ ಅಂದ್ಮೇಲೆ ಕೇಳ್ಲೇಬೇಕು" ಎಂದರು. ದಾರಿಯುದ್ದಕ್ಕೂ ಹಗುರಾಗಿ ಬಂದೆ.

ಮನೆಯ ಕಿಟಕಿ ಹತ್ತಿರ ಖಾಲಿ ಜಾಗ ಕಂಡಿತು. ಅಕ್ಕ ಮೆಷಿನನ್ನು ಪಕ್ಕದ ಮನೆಯ ಸೊಸೆಗೆ ಕೊಟ್ಟುಬಿಟ್ಟಿದ್ದಾಳೆ. "ಸುಮ್ನೆ ತುಕ್ಕು ಹಿಡಿಯತ್ತೆ" ಎಂದಳು. ಒಂದು ಮಾತು ನನಗೆ ಹೇಳಬಾರದಿತ್ತೇ.

ಸಭೆ ಜುಲೈ ಎಂಟಕ್ಕೆ. ರಿಜಿಸ್ಟರಿನ ಎರಡು ಪ್ರತಿ ತೆಗೆಸಬೇಕು.

ಜುಲೈ 8

ನೀರು 25.

ಉದ್ದ ಮೇಜಿನ ಆ ಕಡೆ ಐದು ಜನ, ಈ ಕಡೆ ನಾನು ಮತ್ತು ಅವಳು. ಅವಳು ಒಂದೇ ಮಾತು ಹೇಳಿದಳು. "ಕಾಗದ ಬಂದ ಹಾಗೆ ತೋರಿಸಿದೀನಿ. ಹಾಸಿ ಅಂದಿದ್ದು ನಾನೇ, ಅದಕ್ಕೆ ನಾನೇ ಜವಾಬ್ದಾರಿ. ಹೊದಿಕೆ ದಿನಾ ಎಳೆದಿದ್ರೆ ಇಷ್ಟು ಆಗ್ತಿರ್ಲಿಲ್ಲ."

"ಯಾಕೆ ಎಳೀಲಿಲ್ಲ?" ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

"ಗಾಳಿ ಸಾರ್. ಅಂಚು ಬೇರೆ ಹರಿದಿದೆ" ಎಂದೆ.

ಬರೆದುಕೊಂಡರು. ಅವಳು ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿನ ನೋಟ ಆಗಿದ್ದರೆ ಇಷ್ಟು ಹೊತ್ತು ನೆನಪಿರುತ್ತಿರಲಿಲ್ಲ.

ಜುಲೈ 15

ನೀರು 25.

ಬಿಳಿ ಶೂವನ್ನು ಕೆಲಸದಿಂದ ಬಿಡಿಸಿದರು. ಒಂದು ರಟ್ಟಿನ ಪೆಟ್ಟಿಗೆ, ಒಂದು ಗಿಡದ ಕುಂಡ ಹಿಡಿದುಕೊಂಡು ಕೊಳದ ಕಡೆಯಿಂದಲೇ ಹೋದಳು. ಹೆಗಲಿಗೆ ಜೋತುಬಿದ್ದ ಚೀಲ ಜಾರುತ್ತಿತ್ತು, ಎರಡೂ ಕೈ ತುಂಬಿದ್ದವು. ನಾನು ಎದ್ದು ಹಿಡಿದುಕೊಳ್ಳಲಿಲ್ಲ.

"ಅಂಕಲ್, ಸಂಜೆ ಹೊದಿಕೆ ಮಾತ್ರ ಎಳೀರಿ. ಅಮ್ಮನ್ನ ಹೇಗಾದ್ರೂ ಮಾಡಿ ಇಳಿಸಿ. ನನ್ನ ನಂಬರ್ ಮೇಷ್ಟ್ರ ಹತ್ರ ಇದೆ" ಎಂದಳು.

ಗೆದ್ದೆ. ಗೆದ್ದ ದಿನ ಏನಾದರೂ ತಿನ್ನಬೇಕೆನಿಸುತ್ತದೆ ಎಂದುಕೊಂಡಿದ್ದೆ. ಅನಿಸಲಿಲ್ಲ. ಅಕ್ಕನಿಗೆ ಹೇಳಿದೆ. "ಹಾಂ" ಎಂದಳು. ಬಲಗೈಯಿಂದ ಎಡಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

ಆಗಸ್ಟ್ 2

ನೀರು 25.

ಲೈನರ್ ಬದಲಾಗುವುದಿಲ್ಲವಂತೆ. ಹೊಸದಾಗಿ ಹಾಕಿದ್ದನ್ನು ಕೀಳಲು ಮಂಡಳಿ ಒಪ್ಪಿಲ್ಲ, ಹತ್ತು ವರ್ಷ ಬರುತ್ತದಂತೆ. ಹೊಸ ಮ್ಯಾನೇಜರು ವಯಸ್ಸಾದವರು, ಆಫೀಸಿನಿಂದ ಹೊರಗೆ ಕಾಲಿಡುವುದಿಲ್ಲ. ಶೂ ಯಾವ ಬಣ್ಣದ್ದೆಂದು ಇನ್ನೂ ನೋಡಿಲ್ಲ.

ಅಕ್ಕನ ಉಗುರು ಅಂಗೈಗೆ ಒತ್ತಿ ಗಾಯವಾಗಿದೆ. ಮೇಷ್ಟ್ರು ಬಟ್ಟೆ ಸುತ್ತಿ ಮುಷ್ಟಿಯೊಳಗೆ ಇಡಲು ಹೇಳಿದರು. ಎಷ್ಟು ಎಳೆದರೂ ಬೆರಳು ಏಳಲಿಲ್ಲ. ಅವಳು ನೋವೆನ್ನಲಿಲ್ಲ, ನಾನೇ ಬಿಟ್ಟೆ. ಆಮೇಲೆ ಚಮಚದ ಹಿಡಿ ತೂರಿಸಿ ಸ್ವಲ್ಪಸ್ವಲ್ಪವಾಗಿ ಸೇರಿಸಿದೆವು.

ಆಗಸ್ಟ್ 19

ಬೆಳಿಗ್ಗೆ ಹತ್ತಕ್ಕೆ ಫೋನು. ಹುಡುಗಿಯ ದನಿ. "ಸಾರ್, ಲೈನರ್ ಕಂಪನಿಯಿಂದ. ಹಾಕಿ ಐದು ತಿಂಗಳಾಯ್ತು, ಹೇಗಿದೆ ಅಂತ ಕೇಳೋಕೆ ಮಾಡಿದೆ."

ಇವಳಾದರೂ ಸಿಕ್ಕಳಲ್ಲ ಎಂದು ತಗಲಿಕೊಂಡೆ. "ಹೇಗಿರತ್ತೆ? ಕಡು ಕೇಳಿದ್ರೆ ತಿಳಿ ಕಳಿಸಿದ್ರೆ? ನಮ್ಮ ಮ್ಯಾನೇಜರ್ ಫೋನ್ ಮಾಡಿ ಬದಲಾಯ್ಸಿದಾಗ ನನ್ನನ್ನೊಂದು ಮಾತು ಕೇಳಬಾರದಿತ್ತಾ?"

"ಮ್ಯಾನೇಜರ್ ಯಾರೂ ಮಾಡಿಲ್ಲ ಸಾರ್. ನಾನೇ ನಿಮಗೆ ಮಾಡಿದ್ದು. ಚೀಟಿ ಮುಂದೇನೇ ಇದೆ, ಮಾರ್ಚ್ ಒಂಬತ್ತು. ಅಳತೆಯವರು ಬಣ್ಣ ಬರೆಯೋದು ಮರೆತಿದ್ರು. ಕಡುದು ಬೇಕೋ ತಿಳೀದು ಬೇಕೋ ಅಂತ ಕೇಳ್ದೆ. ತಿಳೀದು, ತಿಳೀದು ಅಂದ್ರಿ. ಎರಡೆರಡು ಸಲ ಅಂದ್ರಲ್ಲ ಅಂತ ನಾನು ಮತ್ತೆ ಕೇಳ್ಲಿಲ್ಲ. ಹಿಂದೆ ಏನೋ ಮೆಷಿನ್ ಅರಚ್ತಿತ್ತು."

ಏನು ಹೇಳಿ ಫೋನ್ ಇಟ್ಟೆನೋ ಗೊತ್ತಿಲ್ಲ.

ಮನೆಗೆ ಬಂದು ಈ ಪುಸ್ತಕದಲ್ಲಿ ಮಾರ್ಚ್ 9 ತೆಗೆದು ನೋಡಿದೆ. ಇದೆ. ಪಂಪಿದೆ, ಹುಡುಗಿಯಿದ್ದಾಳೆ, ಎರಡು ಸಲವೂ ಇದೆ. ನನ್ನದೇ ಅಕ್ಷರ, ಚೆನ್ನಾಗಿದೆ.

ಆಗಸ್ಟ್ 20

ನೀರು ನೋಡಲಿಲ್ಲ.

ಆಗಸ್ಟ್ 22

ಅಕ್ಕನಿಗೆ ಹೇಳಿದೆ. ಮೂರು ದಿನ ಬೇಕಾಯಿತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ನಾನು ಹೊಸ್ತಿಲ ಮೇಲೆ ಕೂತು ಹೇಳಿದೆ. ನಗುತ್ತಾಳೆ, ಎತ್ತು ಈದ ಗಾದೆಯನ್ನೇ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ.

"ಅದು ಕಿವಿ ತಪ್ಪು. ಕಿವಿ ತಪ್ಪಿಗೆ ಯಾರೇನು ಮಾಡೋಕಾಗತ್ತೆ" ಎಂದಳು. "ಹೊದಿಕೆ ಯಾಕೋ ಎಳೀಲಿಲ್ಲ?"

ಗಾಳಿ, ಎಂದೆ.

"ಗಾಳಿ ಇರ್ಲಿಲ್ಲ ಕಣೋ. ದಿನಾ ಸಂಜೆ ಒಣಗಿದ ಬಟ್ಟೆ ತೆಗೀತಿದ್ದವಳು ನಾನು. ಒಂದೇ ಕೈಯಲ್ಲಿ ನಿಧಾನಕ್ಕೆ ತೆಗೀತಿದ್ದೆ. ಒಂದು ಟವೆಲ್ಲೂ ಅಲ್ಲಾಡ್ತಿರ್ಲಿಲ್ಲ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀರು ಬಿಸಿ ಆದ್ರೆ ಆ ಹುಡುಗಿ ಗೆದ್ದಂಗೆ ಆಗ್ತಿತ್ತು ಅಲ್ವಾ" ಎಂದಳು. ಪ್ರಶ್ನೆಯಾಗಿ ಕೇಳಲಿಲ್ಲ. "ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಸಂಜೆ ಹೋಗಿ ಹೊದಿಕೆ ಎಳೆದೆ. ಅರ್ಧ ಅಂಚಿಗೆ ಪಟ್ಟಿಯಿದೆ, ಉಳಿದರ್ಧ ಬೋಳು. ಹಾವಿನ ಹೊಲಿಗೆ ಹೋಗುತ್ತಾ ಹೋಗುತ್ತಾ ನೆಟ್ಟಗಾಗಿ, ಮೂಲೆಯ ಹತ್ತಿರ ನಿಂತುಹೋಗಿದೆ. ಅಲ್ಲಿಯ ದಾರವನ್ನು ಕತ್ತರಿಸಿರಲಿಲ್ಲ, ಮಾರುದ್ದ ಹಾಗೇ ನೇತಾಡುತ್ತಿತ್ತು.

ಆಗಸ್ಟ್ 23

ನೀರು 26.

ಕಾರ್ಯದರ್ಶಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಒಂದೇ ಸಲಕ್ಕೆ ಬರೆದೆ, ತಿದ್ದಲಿಲ್ಲ. ಅವರು ಓದಿ, ಮಡಚಿ, "ಈಗ ಇದನ್ನ ತಗೊಂಡು ಏನು ಮಾಡೋದು ಪಂಪಣ್ಣ" ಎಂದರು. ಆ ಜಾಗಕ್ಕೆ ಬೇರೆಯವರು ಬಂದಾಗಿದೆ.

ಮೇಷ್ಟ್ರ ಹತ್ತಿರ ನಂಬರ್ ಇಸಿದುಕೊಂಡೆ. ಪಂಪು ನಿಲ್ಲಿಸಿದೆ. ಕೋಣೆಯಲ್ಲಿ ಯಾವ ಸದ್ದೂ ಇಲ್ಲದ ಹಾಗೆ ನೋಡಿಕೊಂಡು ಫೋನ್ ಮಾಡಿದೆ.

"ನಾನು ಮೇಡಂ, ಪಂಪಣ್ಣ."

"ಹೇಳಿ ಅಂಕಲ್."

ಹೇಳಿದೆ. ಫೋನು, ಬೇರಿಂಗು, ನಾನಂದದ್ದು, ಹುಡುಗಿಗೆ ಕೇಳಿಸಿದ್ದು. ಹೊದಿಕೆ ಎಳೆಯದೆ ಬಿಟ್ಟದ್ದನ್ನೂ ಹೇಳಿದೆ, ಗಾಳಿ ಇರಲಿಲ್ಲ ಎಂದೂ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಯ ಮಾತಿನವರೆಗೂ ಕೇಳಿಸಿಕೊಂಡರು.

"ಅಮ್ಮನ ಕೈ ಹೇಗಿದೆ?" ಎಂದರು.

"ಮುಚ್ಚಿಕೊಂಡಿದೆ. ಮೆಷಿನ್ ಕೊಟ್ಟುಬಿಟ್ಟಳು."

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. ಫೋನ್ ಕಟ್ಟಾಯಿತೇನೋ ಎಂದುಕೊಂಡೆ.

"ತಪ್ಪಾಯ್ತು ಮೇಡಂ" ಎಂದೆ.

"ತಿಳೀತು" ಎಂದರು.

ಒಂದೇ ಸಲ ಎಂದರು. ಫೋನ್ ಇಟ್ಟರು.